ಏಮಿ ಜಾನ್ಸನ್ (1903–1941)

ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಏಕಾಂಗಿಯಾಗಿ ವಿಮಾನ ಹಾರಿಸಿದ ಪ್ರಥಮ ಮಹಿಳೆ ಏಮಿ ಜಾನ್ಸನ್. ಎರಡು ದೂರದ ವಿಮಾನ ನಿಲ್ದಾಣಗಳ ನಡುವಿನ ಅಂತರವನ್ನು ದಿನಗಳಲ್ಲಿ ಎಣಿಸುತ್ತಿದ್ದ ಕಾಲದ ಸಾಹಸಿಗಳಲ್ಲಿ ಇವರು ಅಗ್ರಗಣ್ಯರು.

ಜನನ ಮತ್ತು ಶಿಕ್ಷಣ

ಏಮಿಯವರು 1903ರ ಜುಲೈ 1ರಂದು ಇಂಗ್ಲೆಂಡಿನ ಹಲ್ ನಗರದಲ್ಲಿ ಮೀನು ವ್ಯಾಪಾರಿಯೊಬ್ಬರ ಮಗಳಾಗಿ ಜನಿಸಿದರು. ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನು ಅಭ್ಯಸಿಸಿ, ಲಂಡನ್ನಿನ ವಕೀಲರ ಕಚೇರಿಯೊಂದರಲ್ಲಿ ಕಾರ್ಯದರ್ಶಿಯಾಗಿ ಸೇವೆ ಸಲ್ಲಿಸಿದರು. ಬಿಡುವಿನ ವೇಳೆಯಲ್ಲಿ ವಿಮಾನ ಚಾಲನೆಯನ್ನು ಕಲಿತು 1929ರಲ್ಲಿ ಪರವಾನಗಿ ಪಡೆದರು. ಅದೇ ವರ್ಷ ವಿಮಾನ ದುರಸ್ತಿಯ ಪರವಾನಗಿಯನ್ನೂ ಗಳಿಸಿದ ಪ್ರಥಮ ಬ್ರಿಟಿಷ್ ಮಹಿಳೆಯೆನಿಸಿದರು.

ಕ್ರಾಯ್ಡನ್‌ನಿಂದ ಡಾರ್ವಿನ್‌ಗೆ

ತಂದೆ ಹಾಗೂ ಲಾರ್ಡ್ ವೇಕ್‌ಫೀಲ್ಡ್ ಅವರ ನೆರವಿನಿಂದ 600 ಪೌಂಡುಗಳಿಗೆ ಹಳೆಯ ಜಿಪ್ಸಿ ಮಾತ್ ವಿಮಾನವೊಂದನ್ನು ಕೊಂಡು, ಅದಕ್ಕೆ 'ಜೇಸನ್' ಎಂದು ಹೆಸರಿಟ್ಟರು. ಅಲ್ಲಿಯವರೆಗೆ ಲಂಡನ್–ಹಲ್ ನಡುವಿನ ಹಾರಾಟವೇ ಅವರ ಅತಿ ದೀರ್ಘ ಪಯಣವಾಗಿತ್ತು. ತೆರೆದ ಆಸನದ, ರೇಡಿಯೋ ಸೌಲಭ್ಯವಿಲ್ಲದ ಆ ಪುಟ್ಟ ವಿಮಾನದಲ್ಲಿ 1930ರ ಮೇ 5ರಂದು ಕ್ರಾಯ್ಡನ್ ನಿಲ್ದಾಣದಿಂದ ಹೊರಟರು.

ವಿಯೆನ್ನಾ, ಇಸ್ತಾಂಬುಲ್, ಅಲೆಪ್ಪೊ, ಬಾಗ್ದಾದ್ ಮಾರ್ಗವಾಗಿ ಆರನೆಯ ದಿನ ಕರಾಚಿ ತಲುಪಿದಾಗ, ಬರ್ಟ್ ಹಿಂಕ್ಲರ್ ಅವರು 1928ರಲ್ಲಿ ಸ್ಥಾಪಿಸಿದ್ದ ದಾಖಲೆಗಿಂತ ಎರಡು ದಿನ ಮುಂದಿದ್ದರು. ಆದರೆ ಇಂಧನದ ಕೊರತೆಯಿಂದ ಝಾನ್ಸಿಯಲ್ಲಿ ಇಳಿಯಬೇಕಾಗಿ ಬಂದು ರೆಕ್ಕೆಗೆ ಪೆಟ್ಟಾಯಿತು. ಅಲಹಾಬಾದ್, ಕಲ್ಕತ್ತಾಗಳನ್ನು ದಾಟಿ ರಂಗೂನ್ ಸಮೀಪದ ಮೈದಾನದಲ್ಲಿ ಇಳಿದಾಗ ವಿಮಾನವು ಹಳ್ಳಕ್ಕೆ ಜಾರಿತು. ಸ್ಥಳೀಯರ ನೆರವಿನಿಂದ ದುರಸ್ತಿ ನಡೆಯಿತಾದರೂ ಅಮೂಲ್ಯವಾದ ದಿನಗಳು ಕಳೆದುಹೋಗಿ ದಾಖಲೆ ಕೈತಪ್ಪಿತು. ಆದಾಗ್ಯೂ ಧೃತಿಗೆಡದೆ ಮುಂದುವರಿದು ಮೇ 24ರಂದು ಡಾರ್ವಿನ್ ತಲುಪಿದರು.

ದೂರ ಮತ್ತು ಕಾಲ

ಅವರು ಕ್ರಮಿಸಿದ ದೂರ ಸುಮಾರು 17,700 ಕಿ.ಮೀ. ಗಂಟೆಗೆ ಸುಮಾರು 135 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿದರೆ, ಗಾಳಿಯ ತಡೆಯಿಲ್ಲದಿದ್ದಲ್ಲಿ ಇದು ಸುಮಾರು 130 ಗಂಟೆಗಳ ಹಾರಾಟ. ಆದರೆ ಪ್ರಯಾಣಕ್ಕೆ ಹಿಡಿದದ್ದು ಹತ್ತೊಂಬತ್ತೂವರೆ ದಿನಗಳು. ಇಂಧನ ತುಂಬುವಿಕೆ, ದುರಸ್ತಿ, ಹವಾಮಾನ ಹಾಗೂ ವಿಶ್ರಾಂತಿಗಾಗಿ ಉಳಿದ ಅವಧಿ ನೆಲದ ಮೇಲೆಯೇ ಕಳೆಯಿತು. 2018ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಪರ್ತ್ ಮತ್ತು ಲಂಡನ್ ನಡುವೆ ಆರಂಭವಾದ ನೇರ ವಿಮಾನವು ಸುಮಾರು 14,500 ಕಿ.ಮೀ. ದೂರವನ್ನು ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆಗಳಲ್ಲಿ ಕ್ರಮಿಸಿತು. ವೇಗದ ಹೆಚ್ಚಳದಷ್ಟೇ ನಿಲುಗಡೆಗಳ ನಿವಾರಣೆಯೂ ಈ ಅಂತರವನ್ನು ಕಿರಿದಾಗಿಸಿದೆ.

ನಂತರದ ಜೀವನ

ಏಮಿಯವರಿಗೆ ಬ್ರಿಟಿಷ್ ಸರ್ಕಾರವು ಸಿ.ಬಿ.ಇ. ಗೌರವವನ್ನು ನೀಡಿತು. 1931ರಲ್ಲಿ ಸಹಚಾಲಕರೊಂದಿಗೆ ಲಂಡನ್ನಿನಿಂದ ಮಾಸ್ಕೋಗೆ ಒಂದೇ ದಿನದಲ್ಲಿ ಹಾರಿ, ಮುಂದೆ ಟೋಕಿಯೋ ತಲುಪಿದರು. 1932ರಲ್ಲಿ ಮತ್ತು 1936ರಲ್ಲಿ ಲಂಡನ್–ಕೇಪ್‌ಟೌನ್ ಮಾರ್ಗದಲ್ಲಿ ದಾಖಲೆ ಸ್ಥಾಪಿಸಿದರು.

ಎರಡನೆಯ ಮಹಾಯುದ್ಧದಲ್ಲಿ ಅವರು ವಿಮಾನಗಳನ್ನು ಸ್ಥಳದಿಂದ ಸ್ಥಳಕ್ಕೆ ತಲುಪಿಸುವ ಸೇವೆಗೆ ಸೇರಿದರು. 1941ರ ಜನವರಿ 5ರಂದು ಪ್ರತಿಕೂಲ ಹವಾಮಾನದಲ್ಲಿ ದಾರಿ ತಪ್ಪಿ, ಪ್ಯಾರಾಚೂಟ್ ಮೂಲಕ ಥೇಮ್ಸ್ ನದೀಮುಖದಲ್ಲಿ ಇಳಿದರು. ರಕ್ಷಿಸಲು ನೀರಿಗೆ ಧುಮುಕಿದ ನೌಕಾಧಿಕಾರಿ ವಾಲ್ಟರ್ ಫ್ಲೆಚರ್ ಅವರೂ ಅಸುನೀಗಿದರು. ಏಮಿಯವರ ದೇಹ ದೊರೆಯಲಿಲ್ಲ. ಭೂಖಂಡಗಳನ್ನು ದಾಟಿದ ಅವರ ಅಂತಿಮ ಹಾರಾಟವು ಬ್ರಿಟನ್ನಿನ ಒಳಗಿನ ಕಿರುಪಯಣವಾಗಿತ್ತು.

'ಜೇಸನ್' ವಿಮಾನವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಿಸಲಾಗಿದೆ.