ವೆಲ್ಲೂರಿನ ವೈದ್ಯೆ ಐಡಾ ಸ್ಕಡರ್

ಐಡಾ ಸ್ಕಡರ್ 1870ರ ಡಿಸೆಂಬರ್ 9ರಂದು ಇಂದಿನ ತಮಿಳುನಾಡಿನ ರಾಣಿಪೇಟೆಯಲ್ಲಿ, ಅಮೆರಿಕದ ಮಿಷನರಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಜಾನ್ ಸ್ಕಡರ್ ವೈದ್ಯರು. ಆದರೆ ಐಡಾರಿಗೆ ಮಿಷನರಿಯಾಗುವ ಆಸೆ ಇರಲಿಲ್ಲ.

ಅಮೆರಿಕದಲ್ಲಿ ಓದುತ್ತಿದ್ದ ಅವರು ತಾಯಿಯ ಅನಾರೋಗ್ಯದ ಕಾರಣ 1890ರಲ್ಲಿ ತಿಂಡಿವನಂಗೆ ಬಂದರು. ಅಲ್ಲಿ ಒಂದು ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರಂತೆ ಅವರ ಮನೆ ಬಾಗಿಲು ತಟ್ಟಿದರು. ಅವರಲ್ಲಿ ಒಬ್ಬರು ಮುಸ್ಲಿಮರು, ಇಬ್ಬರು ಹಿಂದೂಗಳು. ಮೂವರ ಪತ್ನಿಯರೂ ಹೆರಿಗೆಯ ನೋವಿನಲ್ಲಿದ್ದರು. ಗಂಡು ವೈದ್ಯರಿಗೆ ತೋರಿಸಲು ಮೂವರೂ ಒಪ್ಪದೆ, ಐಡಾರೇ ಬರಬೇಕೆಂದು ಬೇಡಿಕೊಂಡರು. ಐಡಾರಿಗೆ ವೈದ್ಯವಿದ್ಯೆ ಗೊತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ತಾಯಂದಿರೂ ತೀರಿಕೊಂಡಿದ್ದರು.

ಆ ಸಾವುಗಳು ಅವರ ಮನಸ್ಸನ್ನು ಬದಲಿಸಿದವು. 1899ರಲ್ಲಿ ಕಾರ್ನೆಲ್‌ನಲ್ಲಿ ವೈದ್ಯ ಪದವಿ ಪಡೆದು ಭಾರತಕ್ಕೆ ಮರಳಿ, ವೆಲ್ಲೂರಿನಲ್ಲಿ ಒಂದೇ ಹಾಸಿಗೆಯಿಂದ ಚಿಕಿತ್ಸೆ ಆರಂಭಿಸಿದರು. 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆ ಎದ್ದಿತು. ಬರಲಾಗದ ಬಡವರಿಗಾಗಿ ಅವರೇ ಗುಡಿಯಾತ್ತಂ ರಸ್ತೆಯ ಹಳ್ಳಿಗಳಿಗೆ ಹೋಗಿ, ಮರದ ನೆರಳಿನಲ್ಲಿ ಮಕ್ಕಳಿಗೂ ತಾಯಂದಿರಿಗೂ ಔಷಧಿ ಕೊಡುತ್ತಿದ್ದರು.

ಒಬ್ಬ ವೈದ್ಯೆಯಿಂದ ಎಲ್ಲ ಹಳ್ಳಿಗಳನ್ನೂ ತಲುಪಲಾಗದು ಎಂಬುದು ಅವರಿಗೆ ಬೇಗ ಅರಿವಾಯಿತು. ಆದ್ದರಿಂದ 1909ರಲ್ಲಿ ನರ್ಸಿಂಗ್ ಶಾಲೆಯನ್ನೂ, 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆಯನ್ನೂ ತೆರೆದರು. ಅರ್ಜಿ ಹಾಕುವವರೇ ಸಿಗಲಾರರು ಎಂದವರ ಮಾತು ಸುಳ್ಳಾಯಿತು. ಅದೇ ಮುಂದೆ ವೆಲ್ಲೂರಿನ ಪ್ರಸಿದ್ಧ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಾಗಿ ಬೆಳೆಯಿತು. ಕರ್ನಾಟಕದಿಂದಲೂ ರೋಗಿಗಳು ಇಂದಿಗೂ ಅಲ್ಲಿಗೆ ಹೋಗುತ್ತಾರೆ.

ಮದುವೆಯಾಗದೆ ಸೇವೆಯಲ್ಲೇ ಬಾಳಿದ ಐಡಾ 1960ರ ಮೇ ತಿಂಗಳಲ್ಲಿ ಕೊಡೈಕೆನಾಲ್‌ನಲ್ಲಿ ನಿಧನರಾದರು. ಹೆಣ್ಣುಮಕ್ಕಳಿಗೆ ಇಷ್ಟು ಓದು ಯಾಕೆ ಎಂದು ಈಗಲೂ ಕೇಳುವವರಿದ್ದಾರೆ. ಅವರಿಗೆ ಆ ಮೂರು ಮನೆಗಳ ಕಥೆ ಹೇಳಿದರೆ ಸಾಕು.