ಮೇಣದಬತ್ತಿಯಲ್ಲಿ ಉರಿಯುವುದು ಯಾವುದು? ಮೈಕೆಲ್ ಫ್ಯಾರಡೆಯ ಬದುಕು ಮತ್ತು ಪಾಠ

ಒಂದು ಮೇಣದಬತ್ತಿ ಹಚ್ಚಿಟ್ಟು, ಇಲ್ಲಿ ಉರಿಯುತ್ತಿರುವುದು ಯಾವುದು ಎಂದು ಮಕ್ಕಳನ್ನು ಕೇಳಿ ನೋಡಿ. ನಡುವಿನ ದಾರ ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಹಾಗಾದರೆ ಮೇಣ ಏನಾಯಿತು ಎಂದರೆ, ಕರಗಿಹೋಯಿತು ಎನ್ನುತ್ತಾರೆ. ದೊಡ್ಡವರಾದ ನಮ್ಮಲ್ಲೂ ಎಷ್ಟೋ ಜನ ಇದನ್ನೇ ನಂಬಿದ್ದೇವೆ. ಆದರೆ ಗೇಣುದ್ದದ ಬತ್ತಿ ಪೂರ್ತಿ ಉರಿದ ಮೇಲೆ ತಟ್ಟೆಯಲ್ಲಿ ಉಳಿಯುವ ಮೇಣ ತೀರಾ ಸ್ವಲ್ಪ. ಮಿಕ್ಕದ್ದು ಎಲ್ಲಿಗೆ ಹೋಯಿತು?

ಇಂಥ ಪ್ರಶ್ನೆಗಳನ್ನು ಹಿಡಿದು ಮಕ್ಕಳಿಗಾಗಿ ಆರು ಉಪನ್ಯಾಸಗಳನ್ನೇ ಕೊಟ್ಟವನು ಮೈಕೆಲ್ ಫ್ಯಾರಡೆ. ಮೋಟಾರು, ಜನರೇಟರುಗಳ ಹಿಂದಿನ ತತ್ತ್ವವನ್ನು ತೋರಿಸಿಕೊಟ್ಟ ವಿಜ್ಞಾನಿ ಎಂದು ಅವನ ಹೆಸರನ್ನು ಪಠ್ಯಪುಸ್ತಕದಲ್ಲಿ ಓದಿರುತ್ತೇವೆ. ತಪ್ಪು ತಿಳಿವಳಿಕೆಯನ್ನು ತಿದ್ದುವುದು ಹೇಗೆ ಎಂಬುದನ್ನೂ ಅವನಿಂದ ಕಲಿಯಬಹುದು.

ಪುಸ್ತಕ ಹೊಲಿಯುತ್ತಿದ್ದ ಹುಡುಗ

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಬಡ ಕುಟುಂಬವೊಂದರಲ್ಲಿ. ತಂದೆ ಕಮ್ಮಾರ, ಆರೋಗ್ಯ ಸರಿಯಿಲ್ಲದೆ ಎಷ್ಟೋ ದಿನ ಕೆಲಸಕ್ಕೆ ಹೋಗಲಾಗುತ್ತಿರಲಿಲ್ಲ. ಮಗನಿಗೆ ಶಾಲೆಯಲ್ಲಿ ಸಿಕ್ಕಿದ್ದು ಓದು, ಬರಹ ಮತ್ತು ಸ್ವಲ್ಪ ಲೆಕ್ಕ ಮಾತ್ರ. 14ನೇ ವಯಸ್ಸಿಗೆ ಅವನು ರೀಬೋ ಎಂಬ ಪುಸ್ತಕ ವ್ಯಾಪಾರಿಯ ಬಳಿ ಬೈಂಡಿಂಗ್ ಕಲಿಯಲು ಸೇರಿದ. ಏಳು ವರ್ಷಗಳ ಕರಾರು.

ಬೈಂಡಿಂಗಿಗೆ ಬಂದ ಪುಸ್ತಕಗಳನ್ನು ಹುಡುಗ ಓದತೊಡಗಿದ. ಅವುಗಳಲ್ಲಿ ಎರಡು ಅವನ ದಿಕ್ಕನ್ನೇ ಬದಲಿಸಿದವು. ಒಂದು, ಬ್ರಿಟಾನಿಕಾ ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಕುರಿತ ಬರಹ. ಇನ್ನೊಂದು, ಜೇನ್ ಮಾರ್ಸೆಟ್ ಎಂಬಾಕೆ ಬರೆದ ರಸಾಯನಶಾಸ್ತ್ರದ ಪುಸ್ತಕ. ಅದು ಒಬ್ಬ ಶಿಕ್ಷಕಿ ಮತ್ತು ಇಬ್ಬರು ಹುಡುಗಿಯರ ಮಾತುಕತೆಯ ರೂಪದಲ್ಲಿತ್ತು. ಫ್ಯಾರಡೆ ಅದನ್ನು ಓದಿ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಕೈಯಲ್ಲಿದ್ದ ಪುಡಿಗಾಸಿನಲ್ಲಿ ಸಾಮಗ್ರಿ ಕೊಂಡು, ಅದರಲ್ಲಿನ ಸಣ್ಣಪುಟ್ಟ ಪ್ರಯೋಗಗಳನ್ನು ಮಾಡಿ ನೋಡಿದ. ಪುಸ್ತಕ ಹೇಳಿದ್ದು ನಿಜವೆಂದು ಕಣ್ಣಾರೆ ಕಂಡ ಮೇಲೆಯೇ ಅದನ್ನು ನಂಬಿದ.

1812ರಲ್ಲಿ, ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ ಹಿಡಿದು ಫ್ಯಾರಡೆ ರಾಯಲ್ ಇನ್ಸ್ಟಿಟ್ಯೂಷನ್ನಿಗೆ ಹೋದ. ಹೆಸರಾಂತ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ ಕೇಳಿ, ಟಿಪ್ಪಣಿಗಳನ್ನು ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. 1813ರ ಮಾರ್ಚ್‌ನಲ್ಲಿ ಅಲ್ಲಿನ ಪ್ರಯೋಗಾಲಯದ ಸಹಾಯಕನಾದ. ಮುಂದಿನ ಬದುಕೆಲ್ಲ ಬಹುಪಾಲು ಅದೇ ಸಂಸ್ಥೆಯಲ್ಲೇ ಕಳೆಯಿತು.

ಅಲುಗಾಡದ ಅಯಸ್ಕಾಂತ, ಸಿಡಿಲು ಮತ್ತು ಕಾರು

ಉನ್ನತ ಗಣಿತ ಫ್ಯಾರಡೆಗೆ ಕೊನೆಯವರೆಗೂ ಒಲಿಯಲಿಲ್ಲ. ಆದರೆ ಪ್ರಯೋಗದಲ್ಲಿ ಅವನನ್ನು ಮೀರಿಸಿದವರು ಕಡಿಮೆ. ವಿದ್ಯುತ್ತು ಹರಿದರೆ ಅಯಸ್ಕಾಂತದ ಗುಣ ಕಾಣಿಸುತ್ತದೆ ಎಂಬುದು ಆಗ ಗೊತ್ತಾಗಿತ್ತು. ಅಯಸ್ಕಾಂತದಿಂದ ವಿದ್ಯುತ್ತು ಬರುತ್ತದೆಯೇ? 1820ರ ದಶಕದಲ್ಲಿ ಹಲವು ಸಲ ಪ್ರಯತ್ನಿಸಿದರೂ ಅವನಿಗೆ ಫಲ ಸಿಗಲಿಲ್ಲ. 1831ರಲ್ಲಿ ಗುಟ್ಟು ತಿಳಿಯಿತು: ತಂತಿಯ ಸುರುಳಿಯ ಪಕ್ಕದಲ್ಲಿ ಅಯಸ್ಕಾಂತ ಸುಮ್ಮನೆ ಇದ್ದರೆ ಏನೂ ಆಗದು, ಅದು ಚಲಿಸಬೇಕು. ಇವತ್ತಿಗೂ ಮಕ್ಕಳು ತಪ್ಪುವುದು ಇದೇ ಜಾಗದಲ್ಲಿ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದೂ ಈ ತತ್ತ್ವದ ಬಲದಿಂದಲೇ.

1836ರಲ್ಲಿ ಅವನು 12 ಅಡಿ ಉದ್ದ, ಅಗಲ, ಎತ್ತರದ ಪೆಟ್ಟಿಗೆಯಂಥ ಕೋಣೆ ಕಟ್ಟಿಸಿದ. ಅದರ ಹೊರಮೈಗೆ ತಾಮ್ರದ ತಂತಿ ಮತ್ತು ಲೋಹದ ಹಾಳೆ. ಹೊರಗಿನಿಂದ ಅದಕ್ಕೆ ಭಾರಿ ವಿದ್ಯುತ್ತು ಹಾಯಿಸುವಾಗ ಒಳಗೆ ತಾನೇ ಕುಳಿತ. ಒಳಗಿನ ಉಪಕರಣಗಳಿಗೆ ಅದರ ಸುಳಿವೂ ಸಿಗಲಿಲ್ಲ. ವಿದ್ಯುತ್ತೆಲ್ಲ ಹೊರಮೈಯಲ್ಲೇ ಉಳಿದಿತ್ತು. ಸಿಡಿಲು ಬಡಿದಾಗ ಕಾರಿನೊಳಗಿನವರನ್ನು ರಬ್ಬರ್ ಟೈರು ಕಾಪಾಡುತ್ತದೆ ಎಂದು ನಾವು ಭಾವಿಸುತ್ತೇವೆ. ಮೋಡದಿಂದ ನೆಲದವರೆಗೆ ಗಾಳಿಯನ್ನೇ ಸೀಳಿ ಬರುವ ಸಿಡಿಲಿಗೆ ಕೆಲವು ಅಂಗುಲ ರಬ್ಬರ್ ಯಾವ ಲೆಕ್ಕ? ಕಾಪಾಡುವುದು ಕಾರಿನ ಲೋಹದ ಕವಚ. ಅದಕ್ಕೇ ಬೈಕಿಗೆ ರಬ್ಬರ್ ಟೈರಿದ್ದರೂ ಸವಾರನಿಗೆ ರಕ್ಷಣೆಯಿಲ್ಲ.

ಮಕ್ಕಳ ಮುಂದೆ ಒಂದು ಮೇಣದಬತ್ತಿ

ಕ್ರಿಸ್ಮಸ್ ರಜೆಯಲ್ಲಿ ಮಕ್ಕಳಿಗಾಗಿ ವಿಜ್ಞಾನ ಉಪನ್ಯಾಸ ನಡೆಸುವ ಪರಿಪಾಠ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ 1825ರಲ್ಲಿ ಶುರುವಾಯಿತು. 1827ರಿಂದ 1860ರವರೆಗೆ ಫ್ಯಾರಡೆ ಒಬ್ಬನೇ ಇಂಥ 19 ಸರಣಿಗಳನ್ನು ಕೊಟ್ಟ. ಕೊನೆಯದು ಮೇಣದಬತ್ತಿಯ ಕುರಿತದ್ದು. 1861ರಲ್ಲಿ ಪುಸ್ತಕವಾಗಿಯೂ ಬಂತು.

ಜ್ವಾಲೆಯ ನಡುವಿನ ಕಪ್ಪು ಭಾಗಕ್ಕೆ ಅವನು ಬಾಗಿದ ಗಾಜಿನ ಕೊಳವೆ ಇಟ್ಟ. ಅದರ ಮೂಲಕ ಮೇಣದ ಆವಿ ಹೊರಬಂತು. ಆ ಆವಿಗೆ ಕಿಡಿ ಸೋಕಿಸಿದರೆ ಹೊತ್ತಿಕೊಳ್ಳುತ್ತದೆ. ಅಂದರೆ ಮುಖ್ಯವಾಗಿ ಉರಿಯುವುದು ದಾರವಲ್ಲ, ಮೇಣದ ಆವಿ. ಕರಗಿದ ಮೇಣವನ್ನು ಮೇಲಕ್ಕೆ ಹೀರಿಕೊಡುವುದಷ್ಟೇ ದಾರದ ಕೆಲಸ. ಜ್ವಾಲೆಯ ಮೇಲೆ ಮಂಜುಗಡ್ಡೆ ತುಂಬಿದ ಪಾತ್ರೆ ಹಿಡಿದರೆ ಅದರ ತಳದಲ್ಲಿ ನೀರಿನ ಹನಿ ಕಾಣಿಸುತ್ತದೆ. ಉರಿಯಿಂದ ಬಂದ ಗಾಳಿ ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗಾಗಿಸುತ್ತದೆ. ಅದು ಇಂಗಾಲದ ಡೈಆಕ್ಸೈಡಿನ ಗುರುತು. ಮೇಣ ಇಲ್ಲವಾಗಿಲ್ಲ, ಆಮ್ಲಜನಕದೊಡನೆ ಸೇರಿ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಆಗಿದೆ. ನಮ್ಮ ಉಸಿರೂ ಸುಣ್ಣದ ತಿಳಿನೀರನ್ನು ಹೀಗೇ ಬೆಳ್ಳಗಾಗಿಸುತ್ತದೆ ಎಂದು ತೋರಿಸಿ ಅವನು ಪಾಠ ಮುಗಿಸಿದ.

ತಾನಾಗಿ ತಿರುಗುವ ಮೇಜು

1853ರಲ್ಲಿ ಲಂಡನ್ನಿಗೆ ಹೊಸ ಹುಚ್ಚು ಹಿಡಿದಿತ್ತು. ಕೆಲವರು ಮೇಜಿನ ಸುತ್ತ ಕುಳಿತು ಅಂಗೈ ಊರಿದರೆ, ಸ್ವಲ್ಪ ಹೊತ್ತಿಗೆ ಮೇಜು ತಿರುಗತೊಡಗುತ್ತಿತ್ತು. ಆತ್ಮಗಳ ಕೈವಾಡ ಎಂದರು ಕೆಲವರು. ವಿದ್ಯುತ್ತು ಅಥವಾ ಅಯಸ್ಕಾಂತ ಶಕ್ತಿ ಎಂದರು ಇನ್ನು ಕೆಲವರು. ಎರಡನೆಯ ಮಾತಿಗೆ ಉತ್ತರಿಸಲು ಫ್ಯಾರಡೆಗಿಂತ ತಕ್ಕವರು ಯಾರಿದ್ದರು?

ಅವನು ಯಾರನ್ನೂ ಮೋಸಗಾರರೆಂದು ಜರೆಯಲಿಲ್ಲ. ಮೇಜು ತಿರುಗಿಸಬಲ್ಲವರೆನಿಸಿಕೊಂಡ ಪ್ರಾಮಾಣಿಕ ಜನರನ್ನೇ ಕರೆದ. ಮೆತ್ತನೆಯ ಅಂಟಿನಿಂದ ಒಂದರ ಮೇಲೊಂದು ಕೂಡಿಸಿದ ರಟ್ಟುಗಳನ್ನು ಅವರ ಕೈ ಮತ್ತು ಮೇಜಿನ ನಡುವೆ ಇಟ್ಟ. ಮೇಜು ತಾನಾಗಿ ತಿರುಗಿದ್ದರೆ ಕೆಳಗಿನ ರಟ್ಟು ಮುಂದೆ ಸರಿದಿರಬೇಕಿತ್ತು. ಹೆಚ್ಚು ಸರಿದದ್ದು ಮೇಲಿನ ರಟ್ಟು. ಅಂದರೆ ಮೊದಲು ಚಲಿಸಿದ್ದು ಕೈ. ಆಮೇಲೆ, ಕೈ ಕೊಂಚ ಸರಿದರೂ ವಾಲುವ ಒಂದು ಕಡ್ಡಿಯನ್ನು ಜೋಡಿಸಿದ. ಕುಳಿತವರಿಗೆ ಆ ಕಡ್ಡಿ ಕಾಣುವಂತಿದ್ದಾಗ ಮೇಜು ಅಲುಗಲೇ ಇಲ್ಲ!

ಅವರು ಸುಳ್ಳು ಹೇಳುತ್ತಿರಲಿಲ್ಲ. ತಾವು ತಳ್ಳುತ್ತಿದ್ದೇವೆಂಬುದು ಅವರಿಗೇ ತಿಳಿದಿರಲಿಲ್ಲ. ಬೋರ್‌ವೆಲ್ ಜಾಗ ಹುಡುಕುವಾಗ ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಲ್ಲುವುದಕ್ಕೆ, ಕವಲುಕಡ್ಡಿ ತಿರುಗುವುದಕ್ಕೆ ವಿಜ್ಞಾನ ಕೊಡುವ ವಿವರಣೆಯೂ ಇದೇ. ರೈತರು ಸಾಲದ ದುಡ್ಡು ಸುರಿದು ಕೊರೆಸುವ ನೆಲದ ವಿಷಯವಾದ್ದರಿಂದ ಇದು ಬರೀ ತಮಾಷೆಯಲ್ಲ.

ಓದಿದವರೂ ಇಂಥದ್ದನ್ನು ನಂಬಿದ್ದು ಫ್ಯಾರಡೆಗೆ ಬೇಸರ ತಂದಿತು. ನಮ್ಮ ಅನಿಸಿಕೆಯನ್ನು ನಾವೇ ಪರೀಕ್ಷಿಸುವುದನ್ನು ಶಿಕ್ಷಣ ಕಲಿಸಬೇಕು ಎಂದು 1854ರ ಉಪನ್ಯಾಸವೊಂದರಲ್ಲಿ ವಾದಿಸಿದ. 1862ರಲ್ಲಿ ಶಾಲೆಗಳ ಕುರಿತ ಸರ್ಕಾರಿ ಆಯೋಗದ ಮುಂದೆಯೂ ವಿಜ್ಞಾನ ಪಾಠದ ಪರ ಮಾತಾಡಿದ. ಸರ್ ಪದವಿ ಬೇಡವೆಂದು ಸಾಮಾನ್ಯನಾಗಿಯೇ ಉಳಿದ ಅವನು 1867ರ ಆಗಸ್ಟ್ 25ರಂದು ತೀರಿಕೊಂಡ.

ನಾವೂ ಮಾಡಿ ನೋಡೋಣ

ತಟ್ಟೆಯ ನೀರಿನಲ್ಲಿ ಉರಿಯುವ ಮೇಣದಬತ್ತಿ ಇಟ್ಟು ಅದರ ಮೇಲೆ ಗಾಜಿನ ಲೋಟ ಕವುಚುವ ಪ್ರಯೋಗ ನಮಗೆಲ್ಲ ಗೊತ್ತು. ಬತ್ತಿ ಆರುತ್ತದೆ, ನೀರು ಮೇಲೇರುತ್ತದೆ. ಗಾಳಿಯ ಐದನೇ ಒಂದು ಭಾಗವಾದ ಆಮ್ಲಜನಕ ಖರ್ಚಾಗಿ ಆ ಜಾಗಕ್ಕೆ ನೀರು ಬಂತು ಎಂದು ವಿವರಿಸುವ ರೂಢಿಯಿದೆ. ಅದೇ ಲೋಟದೊಳಗೆ ಒಂದರ ಬದಲು ಮೂರು ಬತ್ತಿ ಇಟ್ಟು ನೋಡಿ. ನೀರು ಇನ್ನೂ ಮೇಲೇರುತ್ತದೆ. ಗಾಳಿಯಲ್ಲಿನ ಆಮ್ಲಜನಕವೇನೂ ಹೆಚ್ಚಾಗಿಲ್ಲವಲ್ಲ! ಬಿಸಿಯಾಗಿ ಹಿಗ್ಗಿದ್ದ ಗಾಳಿ ಬತ್ತಿ ಆರಿದ ಮೇಲೆ ತಣಿದು ಕುಗ್ಗುವುದೇ ನೀರೇರಲು ಮುಖ್ಯ ಕಾರಣ. ಬತ್ತಿ ಆರಿದಾಗಲೂ ಒಳಗೆ ಸಾಕಷ್ಟು ಆಮ್ಲಜನಕ ಉಳಿದೇ ಇರುತ್ತದೆ.

ತರಗತಿಯಲ್ಲಿ ಇದನ್ನು ಮಾಡುವಾಗ ಬೆಂಕಿಯ ಕೆಲಸ ಶಿಕ್ಷಕರೇ ಮಾಡಲಿ. ಮೂರು ಬತ್ತಿ ಇಟ್ಟರೆ ನೀರು ಎಲ್ಲಿಯವರೆಗೆ ಏರಬಹುದು ಎಂದು ಪ್ರತಿ ಮಗುವೂ ಮೊದಲೇ ಬರೆದಿಡಲಿ. ಬತ್ತಿ ಹಚ್ಚುವುದು ಆಮೇಲೆ. ಊಹೆ ತಪ್ಪಾದರೆ ನಾವು ಹೇಳುವ ಅಗತ್ಯವಿಲ್ಲ. ಮೇಜಿನ ಮೇಲಿನ ಕಡ್ಡಿಯಂತೆ ಲೋಟದ ನೀರೇ ಅದನ್ನು ತೋರಿಸುತ್ತದೆ.