ಬಟ್ಟೆ ಒಗೆಯುತ್ತಿದ್ದ ಸಾರಾ ಮೇಡಂ ವಾಕರ್ ಆದ ಕಥೆ

ಈಗ ಯಾವ ಕಾಲೇಜಿಗೆ ಹೋದ್ರೂ ಮನೆಯಲ್ಲೇ ಸೋಪು, ಲಿಪ್ ಬಾಮ್, ತಲೆಗೆ ಹಚ್ಚುವ ಎಣ್ಣೆ ಮಾಡಿ ಮಾರುವವರು ಒಬ್ಬಿಬ್ಬರಾದರೂ ಸಿಕ್ಕೇ ಸಿಗ್ತಾರೆ. ಫೆಸ್ಟ್‌ನಲ್ಲಿ ಒಂದು ಸ್ಟಾಲ್, ಇನ್‌ಸ್ಟಾಗ್ರಾಂನಲ್ಲಿ ಒಂದು ಪೇಜ್, ಮೊದಲ ಗಿರಾಕಿಗಳು ಅಂದ್ರೆ ಹಾಸ್ಟೆಲ್‌ನ ಗೆಳತಿಯರು. ಹೊಸದಾಗಿ ಶುರು ಮಾಡುವವರೆಲ್ಲ ಮೊದಲು ಹುಡುಕುವುದು ಒಳ್ಳೆಯ ರೆಸಿಪಿಯನ್ನು. ಅಂಥವರಿಗಾಗಿ ಈ ಸಲ ನಾವು ಅಮೆರಿಕದ ಒಬ್ಬ ಹೆಂಗಸಿನ ಬದುಕನ್ನು ಹೇಳ್ತಿದ್ದೀವಿ. ಮನೆಯಲ್ಲಿ ಮುಲಾಮು ಕಲಸಿ, ಬಾಗಿಲು ಬಾಗಿಲಿಗೂ ಹೋಗಿ ಮಾರಿ, ದೊಡ್ಡ ಕಂಪನಿ ಕಟ್ಟಿದವರು ಅವರು. ಹೆಸರು ಮೇಡಂ ಸಿ. ಜೆ. ವಾಕರ್.

ಹುಟ್ಟಿದಾಗ ಇಟ್ಟ ಹೆಸರು ಸಾರಾ ಬ್ರೀಡ್‌ಲವ್. 1867ರ ಡಿಸೆಂಬರ್ 23ರಂದು ಲೂಸಿಯಾನಾ ರಾಜ್ಯದ ಡೆಲ್ಟಾ ಎಂಬ ಊರಿನ ಹತ್ತಿರ, ಒಂದು ಹತ್ತಿ ತೋಟದಲ್ಲಿ ಹುಟ್ಟಿದ್ದು. ಅಪ್ಪ, ಅಮ್ಮ ಅದೇ ತೋಟದಲ್ಲಿ ಗುಲಾಮರಾಗಿದ್ದವರು. ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಹುಟ್ಟಿದ್ದರಿಂದ ಆ ಮನೆಯಲ್ಲಿ ಸ್ವತಂತ್ರಳಾಗಿ ಹುಟ್ಟಿದ ಮೊದಲ ಮಗು ಸಾರಾ. ಆದ್ರೆ ಸ್ವಾತಂತ್ರ್ಯದಿಂದ ಹೊಟ್ಟೆ ತುಂಬಲಿಲ್ಲ. ಏಳು ವರ್ಷಕ್ಕೆ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡಳು. ಅಕ್ಕ ಮತ್ತು ಭಾವನ ಜೊತೆ ನದಿ ದಾಟಿ ವಿಕ್ಸ್‌ಬರ್ಗ್‌ಗೆ ಹೋದಳು, ಭಾವನ ಕಾಟ ತಾಳಲಾರದೆ 14ನೇ ವಯಸ್ಸಿಗೇ ಮದುವೆಯಾದಳು. 1885ರಲ್ಲಿ ಲೀಲಿಯಾ ಎಂಬ ಮಗಳು ಹುಟ್ಟಿದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಗಂಡ ತೀರಿಕೊಂಡ. ಇಪ್ಪತ್ತು ವರ್ಷದ ವಿಧವೆ, ಕಂಕುಳಲ್ಲಿ ಕೂಸು, ಕೈಯಲ್ಲಿ ಓದಿಲ್ಲ.

ಸೇಂಟ್ ಲೂಯಿಸ್ ನಗರದಲ್ಲಿ ಅಣ್ಣಂದಿರು ಕ್ಷೌರದ ಅಂಗಡಿ ನಡೆಸುತ್ತಿದ್ದರು. ಸಾರಾ ಅಲ್ಲಿಗೆ ಹೋಗಿ ಬಟ್ಟೆ ಒಗೆಯುವ ಕೆಲಸ ಹಿಡಿದಳು. ಬಿಸಿನೀರಿನ ತೊಟ್ಟಿ, ಕಾಸ್ಟಿಕ್ ಬೆರೆತ ಸೋಪು, ಬಗ್ಗಿದ ಸೊಂಟ. ದಿನಕ್ಕೆ ಸಿಗುತ್ತಿದ್ದದ್ದು ಒಂದು, ಒಂದೂವರೆ ಡಾಲರ್. ಆ ದುಡ್ಡಲ್ಲೇ ಉಳಿಸಿ ಮಗಳನ್ನು ಟೆನ್ನೆಸ್ಸಿಯ ನಾಕ್ಸ್‌ವಿಲ್ ಕಾಲೇಜಿಗೆ ಕಳಿಸಿದಳು ಅನ್ನೋದನ್ನು ಹಾಸ್ಟೆಲ್ ಫೀಸು ಕಟ್ಟಿಸಿಕೊಂಡು ಓದ್ತಿರೋ ನಾವು ಸ್ವಲ್ಪ ನಿಂತು ಯೋಚಿಸಬೇಕು.

ಆ ವರ್ಷಗಳಲ್ಲೇ ಸಾರಾಳ ಕೂದಲು ಉದುರಲು ಶುರುವಾಯಿತು. ಅವಳೊಬ್ಬಳದೇ ಅಲ್ಲ, ಸುತ್ತಮುತ್ತಲಿನ ಎಷ್ಟೋ ಕಪ್ಪು ಹೆಂಗಸರದ್ದೂ ಇದೇ ಪಾಡು. ಕಾರಣ ಸಿಂಪಲ್: ಮನೆಗೆ ನಲ್ಲಿ ನೀರಿಲ್ಲ, ಹಾಗಾಗಿ ತಲೆಗೆ ನೀರು ಬೀಳುವುದೇ ಅಪರೂಪ. ಹೊಟ್ಟು ಕಟ್ಟಿ, ನೆತ್ತಿಯಲ್ಲಿ ಕಜ್ಜಿಯಾಗಿ, ಕೂದಲು ಹೋಗುತ್ತಿತ್ತು. ಅದರ ಮೇಲೆ ಸೋಪಿನ ಖಾರ ಬೇರೆ. ದೊಡ್ಡ ಕಂಪನಿಗಳಿಗೆ ಈ ಹೆಂಗಸರು ಗಿರಾಕಿಗಳು ಅಂತ ಅನ್ನಿಸಿರಲೇ ಇಲ್ಲ.

ಅನ್ನಿಸಿದ್ದು ಆನಿ ಟರ್ನ್‌ಬೋ ಎಂಬ ಇನ್ನೊಬ್ಬ ಕಪ್ಪು ಮಹಿಳೆಗೆ. ಮುಂದೆ ಆನಿ ಮಲೋನ್ ಅಂತ ಹೆಸರಾದ ಅವರು ತಾವೇ ಕೂದಲಿನ ಮುಲಾಮು ತಯಾರಿಸಿ ಸೇಂಟ್ ಲೂಯಿಸ್‌ನಲ್ಲಿ ಮನೆಮನೆಗೆ ಮಾರಿಸುತ್ತಿದ್ದರು. ಸಾರಾ ಕಮಿಷನ್ ಮೇಲೆ ಅವರ ಏಜೆಂಟ್ ಆದಳು. ಮಾರಾಟದ ಮೊದಲ ಪಾಠಗಳೆಲ್ಲ ಆದದ್ದು ಅಲ್ಲೇ. 1905ರಲ್ಲಿ ಡೆನ್ವರ್‌ಗೆ ಹೋಗಿ, ಹಗಲು ಅಡುಗೆ ಕೆಲಸ ಮಾಡುತ್ತಾ, ಬಿಡುವಿನಲ್ಲಿ ತನ್ನದೇ ಮುಲಾಮು ಕಲಸತೊಡಗಿದಳು. ಮರು ವರ್ಷ ಪತ್ರಿಕೆ ಜಾಹೀರಾತಿನ ಕೆಲಸದಲ್ಲಿದ್ದ ಚಾರ್ಲ್ಸ್ ಜೋಸೆಫ್ ವಾಕರ್ ಅವರನ್ನು ಮದುವೆಯಾದಳು. ಡಬ್ಬಿಯ ಮೇಲೆ ಹೊಸ ಹೆಸರು ಬಂತು: ಮೇಡಂ ಸಿ. ಜೆ. ವಾಕರ್. ಆ ಕಾಲದಲ್ಲಿ ಬಿಳಿಯರು ವಯಸ್ಸಾದ ಕಪ್ಪು ಹೆಂಗಸನ್ನೂ ಬರೀ ಹೆಸರು ಹಿಡಿದೇ ಕೂಗುತ್ತಿದ್ದರು. ಹೆಸರಿಗೇ ಮೇಡಂ ಅಂಟಿಸಿಕೊಂಡರೆ ಕರೆಯುವವರಿಗೆ ಬೇರೆ ದಾರಿಯಿಲ್ಲ! ಇಲ್ಲಿಂದ ಮುಂದೆ ನಾವೂ ಅವರನ್ನು ಹಾಗೇ ಕರೆಯೋಣ.

ಈಗ ರೆಸಿಪಿ ವಿಷಯ. ಕನಸಿನಲ್ಲಿ ಒಬ್ಬ ಕಪ್ಪು ಮನುಷ್ಯ ಬಂದು ಸಾಮಾನುಗಳನ್ನು ಹೇಳಿಕೊಟ್ಟ, ಕೆಲವನ್ನು ಆಫ್ರಿಕಾದಿಂದ ತರಿಸಿದೆ ಅಂತ ಮೇಡಂ ವಾಕರ್ ಹೇಳಿಕೊಳ್ಳುತ್ತಿದ್ದರು. ತನ್ನ ಮುಲಾಮನ್ನೇ ನಕಲು ಮಾಡಿದ್ದಾರೆ ಅಂತ ಆನಿ ಮಲೋನ್ ಕಡೆಯವರ ದೂರು. ನಿಜ ನೋಡಿದರೆ ಮುಲಾಮಿನ ಮುಖ್ಯ ವಸ್ತುಗಳು ಪೆಟ್ರೋಲಿಯಂ ಜೆಲ್ಲಿ ಮತ್ತು ಗಂಧಕ, ಗಂಧಕದ ವಾಸನೆ ಮುಚ್ಚಲು ಒಂದಿಷ್ಟು ಸುಗಂಧ. ನೆತ್ತಿಯ ರೋಗಕ್ಕೆ ಗಂಧಕ ಹಚ್ಚುವುದು ವೈದ್ಯರಿಗೆ ಮೊದಲೇ ಗೊತ್ತಿದ್ದ ಮದ್ದು. ಗಂಧಕ ಹೊಟ್ಟನ್ನು ಸಡಿಲಿಸಿ, ರೋಗಾಣುಗಳನ್ನು ತಗ್ಗಿಸುತ್ತದೆ. ಜೆಲ್ಲಿ ಚರ್ಮದ ತೇವ ಆರದ ಹಾಗೆ ತಡೆಯುತ್ತದೆ. ಡಬ್ಬಿಯ ಮೇಲೆ ಕೂದಲು ಬೆಳೆಸುವ ಅದ್ಭುತ ಅಂತ ಇತ್ತು. ಆದ್ರೆ ಅದು ಹೊಸ ಕೂದಲು ಹುಟ್ಟಿಸುತ್ತಿರಲಿಲ್ಲ, ನೆತ್ತಿ ವಾಸಿಯಾದ ಮೇಲೆ ಕೂದಲು ತಾನಾಗಿ ಬೆಳೆಯುತ್ತಿತ್ತು. ಬಿಸಿ ಬಾಚಣಿಗೆಯನ್ನು ಕಂಡುಹಿಡಿದವರು ಅವರೇ ಅಂತ ಬರೆಯೋರೂ ಇದ್ದಾರೆ, ಅದು ತಪ್ಪು. ಬಾಚಣಿಗೆ ಅವರಿಗಿಂತ ಮೊದಲೇ ಇತ್ತು.

ಹಾಗಾದ್ರೆ ಮೇಡಂ ವಾಕರ್ ಮಾಡಿದ್ದೇನು? ಡಬ್ಬಿಯ ಜೊತೆ ಒಂದು ಪದ್ಧತಿಯನ್ನೇ ಮಾರಿದರು. ತಲೆಯನ್ನು ಮತ್ತೆ ಮತ್ತೆ ಚೆನ್ನಾಗಿ ತೊಳೆಯಬೇಕು, ಒರೆಸಬೇಕು, ಆಮೇಲೆ ಮುಲಾಮು ಹಚ್ಚಬೇಕು, ಕೊನೆಗೆ ಎಣ್ಣೆ ಹಚ್ಚಿ ಬಾಚಬೇಕು. ಹೇಳಿ ಸುಮ್ಮನಾಗದೆ, ಗಿರಾಕಿಯ ಮನೆಯಲ್ಲಿ ಕೂತು ತಾವೇ ತಲೆ ತೊಳೆದು ತೋರಿಸುತ್ತಿದ್ದರು. ಬಟ್ಟೆ ಒಗೆಯುವವರ, ಅಡುಗೆ ಮಾಡುವವರ ನೆತ್ತಿಗೆ ಏನಾಗಿದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಡಬ್ಬಿಯ ಮೇಲೆ ಇದ್ದದ್ದೂ ಅವರದೇ ಮುಖ. ಒಂದು ಡಬ್ಬಿಗೆ 50 ಸೆಂಟ್, ಅಂದ್ರೆ ಒಗೆಯುವವಳ ದಿನಗೂಲಿಯ ಮೂರನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ. ಅಷ್ಟು ದುಡ್ಡು ಕೊಟ್ಟವಳು ಫಲ ಕಾಣದಿದ್ದರೆ ಎರಡನೇ ಡಬ್ಬಿ ಕೊಳ್ಳುತ್ತಾಳಾ?

ಮಗಳನ್ನು ಡೆನ್ವರ್‌ನಲ್ಲಿ ಅಂಚೆ ಆರ್ಡರ್ ನೋಡಿಕೊಳ್ಳಲು ಬಿಟ್ಟು, ಮೇಡಂ ವಾಕರ್ ದಕ್ಷಿಣದ ರಾಜ್ಯಗಳನ್ನು ಸುತ್ತಿದರು. ಚರ್ಚು, ಸಂಘ, ಮನೆ ಪಡಸಾಲೆ, ಎಲ್ಲಿ ಹೆಂಗಸರು ಸೇರುತ್ತಾರೋ ಅಲ್ಲೆಲ್ಲ ಡೆಮೊ. 1908ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಏಜೆಂಟರಿಗೆ ತರಬೇತಿ ಕೊಡುವ ಶಾಲೆ ತೆರೆದು ಮಗಳ ಹೆಸರಿಟ್ಟರು. 1910ರಲ್ಲಿ ಇಂಡಿಯಾನಾಪೊಲಿಸ್‌ಗೆ ಬಂದು ಫ್ಯಾಕ್ಟರಿ ಹಾಕಿದರು. ಎಂಟು ದಿಕ್ಕಿಗೂ ರೈಲು ಹೋಗುವ ಊರು ಅದು, ಪಾರ್ಸೆಲ್ ಕಳಿಸಲು ಅನುಕೂಲ. ಲಾಜಿಸ್ಟಿಕ್ಸ್ ಅಂತ ನಾವು ಈಗ ಓದೋದು ಇದನ್ನೇ. ತಾವು ಓದಿಲ್ಲ ಎಂಬ ಕೊರತೆಯನ್ನು ಮುಚ್ಚಿಡಲಿಲ್ಲ. ಫ್ರೀಮನ್ ರಾನ್ಸಮ್ ಎಂಬ ವಕೀಲರಿಗೆ ಲೆಕ್ಕಪತ್ರ, ಆಡಳಿತ ಒಪ್ಪಿಸಿದರು. ಆಲಿಸ್ ಕೆಲ್ಲಿ ಎಂಬ ಟೀಚರ್ ಅನ್ನು ಫ್ಯಾಕ್ಟರಿ ಮೇಲ್ವಿಚಾರಣೆಗೆ ಕರೆತಂದು, ಅವರಿಂದಲೇ ಪಾಠ ಹೇಳಿಸಿಕೊಂಡರು. ವ್ಯಾಪಾರ ಎಷ್ಟು ಬೆಳೆಯಬೇಕು ಅನ್ನುವುದರಲ್ಲಿ ಗಂಡನ ಜೊತೆ ಮನಸ್ತಾಪ ಬೆಳೆದು, 1912ರಲ್ಲಿ ಇಬ್ಬರೂ ಬೇರೆಯಾದರು.

ಅದೇ ವರ್ಷ ಷಿಕಾಗೋದಲ್ಲಿ ಕಪ್ಪು ವ್ಯಾಪಾರಿಗಳ ರಾಷ್ಟ್ರೀಯ ಸಮ್ಮೇಳನ. ಅಧ್ಯಕ್ಷರು ದೊಡ್ಡ ನಾಯಕ ಬುಕರ್ ಟಿ. ವಾಷಿಂಗ್ಟನ್. ಕೂದಲಿನ ವ್ಯಾಪಾರದ ಬಗ್ಗೆ ಅವರಿಗೆ ಅಷ್ಟಕ್ಕಷ್ಟೆ, ಮೇಡಂ ವಾಕರ್‌ಗೆ ಮಾತಾಡಲು ಅವಕಾಶವನ್ನೇ ಕೊಡಲಿಲ್ಲ. ಕೊನೆಯ ದಿನ ಅವರು ಕೂತಲ್ಲಿಂದಲೇ ಎದ್ದು ನಿಂತು ಮಾತು ಶುರು ಮಾಡಿದರು. ಹತ್ತಿ ಹೊಲದಿಂದ ಹೊರಟು ತನ್ನದೇ ಜಾಗದಲ್ಲಿ ತನ್ನದೇ ಫ್ಯಾಕ್ಟರಿ ಕಟ್ಟಿದವರೆಗಿನ ದಾರಿಯನ್ನು ಸಭೆಗೆ ಹೇಳಿದರು. ಮರು ವರ್ಷದ ಸಮ್ಮೇಳನಕ್ಕೆ ಅವರನ್ನು ವೇದಿಕೆಗೇ ಕರೆಯಲಾಯಿತು.

ಅವರು ನಿಜವಾಗಿ ಹೆಮ್ಮೆಪಟ್ಟದ್ದು ಏಜೆಂಟರ ಬಗ್ಗೆ. ಕಪ್ಪು ಹೆಂಗಸಿಗೆ ಆಗ ಸಿಗುತ್ತಿದ್ದ ಕೆಲಸ ಮೂರೇ: ಹೊಲ, ಒಗೆತ, ಬೇರೆಯವರ ಅಡುಗೆಮನೆ. ಮೇಡಂ ವಾಕರ್ ನಾಲ್ಕನೆಯದೊಂದನ್ನು ಕೊಟ್ಟರು. ಸಾವಿರಾರು ಹೆಂಗಸರು ತರಬೇತಿ ಪಡೆದು ಸ್ವಂತ ಸಂಪಾದನೆ ಕಂಡರು. 1917ರಲ್ಲಿ ಫಿಲಡೆಲ್ಫಿಯಾದಲ್ಲಿ ಏಜೆಂಟರ ಮೊದಲ ಸಮ್ಮೇಳನ ನಡೆಯಿತು, 200ಕ್ಕೂ ಹೆಚ್ಚು ಜನ ಬಂದಿದ್ದರು. ಹೆಚ್ಚು ಮಾರಿದವರಿಗಷ್ಟೇ ಅಲ್ಲ, ತಮ್ಮೂರಿನಲ್ಲಿ ಹೆಚ್ಚು ದಾನಧರ್ಮ ಮಾಡಿದವರಿಗೂ ಬಹುಮಾನ ಇತ್ತು. ಕಪ್ಪು ಜನರನ್ನು ಗುಂಪು ಸೇರಿ ಕೊಲ್ಲುತ್ತಿದ್ದ ಕಾಲ ಅದು. ಆ ವರ್ಷವೇ ಮೇಡಂ ವಾಕರ್ ಇತರ ಮುಖಂಡರ ಜೊತೆ ಶ್ವೇತಭವನಕ್ಕೆ ದೂರು ಒಯ್ದರು. ಅಧ್ಯಕ್ಷ ವಿಲ್ಸನ್ ಭೇಟಿಗೆ ಸಿಗಲಿಲ್ಲ. ಸಾಯುವ ಮುಂಚೆ ಆ ಕೊಲೆಗಳ ವಿರುದ್ಧದ ಹೋರಾಟಕ್ಕೆ 5,000 ಡಾಲರ್ ಕೊಟ್ಟರು.

1919ರ ಮೇ 25ರಂದು, 51ನೇ ವಯಸ್ಸಿನಲ್ಲಿ, ರಕ್ತದೊತ್ತಡ ಮತ್ತು ಕಿಡ್ನಿ ತೊಂದರೆಯಿಂದ ತೀರಿಕೊಂಡರು. ಆಸ್ತಿ 5 ಲಕ್ಷದಿಂದ 10 ಲಕ್ಷ ಡಾಲರ್ ನಡುವೆ ಇತ್ತು ಅಂತ ಅಂದಾಜು. ಎಸ್ಟೇಟಿನ ಮುಂದಿನ ನಿವ್ವಳ ಲಾಭದಲ್ಲಿ ಮೂರರಲ್ಲಿ ಎರಡು ಪಾಲು ದಾನಕ್ಕೆ ಹೋಗಬೇಕೆಂದು ಉಯಿಲು ಬರೆದಿದ್ದರು.

ಒಂದು ಎಚ್ಚರಿಕೆ. ಅವರ ಕಾಲದಲ್ಲಿ ಅಮೆರಿಕದಲ್ಲಿ ಸೌಂದರ್ಯವರ್ಧಕಗಳಿಗೆ ಕೇಂದ್ರ ಕಾನೂನೇ ಇರಲಿಲ್ಲ, ಅದು ಬಂದದ್ದು 1938ರಲ್ಲಿ. ನಮಗೆ ಇದೆ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸಲು ಲೈಸೆನ್ಸ್ ಬೇಕು. ಡಬ್ಬಿಯ ಮೇಲೆ ಏನೇನು ಹಾಕಿದ್ದೀವಿ ಅಂತ ಬರೆಯಬೇಕು, ಅದ್ಭುತ ಅಂತ ಬರೆದು ಜಾರಿಕೊಳ್ಳೋ ಹಾಗಿಲ್ಲ.

ಸ್ಟಾಲ್ ಹಾಕೋ ಗೆಳೆಯ ಗೆಳತಿಯರೇ, ರೆಸಿಪಿ ಯೂಟ್ಯೂಬ್‌ನಲ್ಲಿ ಸಿಗುತ್ತೆ, ಗಂಧಕ ಆಗಲೂ ಅಂಗಡಿಯಲ್ಲಿ ಸಿಗ್ತಿತ್ತು. ಯಾರ ನೆತ್ತಿಯ ಉರಿ ನಿಮಗೆ ಚೆನ್ನಾಗಿ ಗೊತ್ತು ಅನ್ನೋದನ್ನು ಮೊದಲು ಕೇಳಿಕೊಳ್ಳಿ. ಅವರಿಗಾಗಿ ಮಾಡಿ, ಅವರೆದುರೇ ಹಚ್ಚಿ ತೋರಿಸಿ. ಕೆಲಸ ಮಾಡಿದರೆ, ಅವರಲ್ಲೇ ಒಬ್ಬರಿಗೆ ಮಾರೋದನ್ನೂ ಕಲಿಸಿ.